ಕಳೆಯ ಬೇರಲ್ಲಿ ಕೂತ ಜಂತುಹುಳು: ಪತ್ತೆ ಮಾಡಿ ಮಟ್ಟ ಹಾಕುವ ಬಗೆ

ಬೇರುಗಂಟು, ಅಂದರೆ ಮಣ್ಣಿನ ಸೂಕ್ಷ್ಮ ಜಂತುಹುಳು ಬೇರಿಗೆ ನುಗ್ಗಿ ಗಂಟು ಎಬ್ಬಿಸುವ ಕಾಟ, ಬಂದಿದ್ದ ಬದನೆ ಮಡಿಯೊಂದನ್ನು ನಾನು ಒಮ್ಮೆ ಐದು ತಿಂಗಳು ಬೀಳು ಬಿಟ್ಟಿದ್ದೆ. ತಿನ್ನಲು ಬೇರು ಸಿಗದಿದ್ದರೆ ಹುಳು ತಾನಾಗಿಯೇ ಸಾಯುತ್ತದೆ ಅನ್ನುವ ಲೆಕ್ಕ. ಆಮೇಲೆ ಟೊಮೆಟೊ ನೆಟ್ಟೆ. ಮತ್ತೆ ಅದೇ ಹಾಡು. ಮಧ್ಯಾಹ್ನ ಗಿಡ ಜೋಲು ಬೀಳುತ್ತಿತ್ತು, ಸಂಜೆ ಏಳುತ್ತಿತ್ತು, ಬೆಳೆಯುವ ಮಾತೇ ಇಲ್ಲ. ಎಲ್ಲಿ ತಪ್ಪಿದೆ ಅಂತ ತಲೆ ಕೆರೆದುಕೊಳ್ಳುತ್ತಾ ಬದಿಯಲ್ಲಿ ಬೆಳೆದಿದ್ದ ಗಣಿಕೆ ಸೊಪ್ಪಿನ ಗಿಡವೊಂದನ್ನು ಸುಮ್ನೆ ಅಗೆದೆ. ಮಣ್ಣು ತೊಳೆದು ನೋಡಿದರೆ ಬೇರೆಲ್ಲ ಮಣಿಸರದ ಹಾಗಿತ್ತು. ಮಡಿ ಬೀಳು ಇದ್ದದ್ದು ನನ್ನ ಕಣ್ಣಿಗೆ ಮಾತ್ರ. ಹುಳಕ್ಕೆ ಐದು ತಿಂಗಳೂ ಪುಷ್ಕಳ ಊಟ ಸಿಕ್ಕಿತ್ತು.

ಕಳೆ ಅಂದರೆ ನಾವು ನೀರು, ಗೊಬ್ಬರ, ಬಿಸಿಲಿನ ಪಾಲುದಾರ ಅಂತಷ್ಟೇ ನೋಡುತ್ತೇವೆ. ಮಣ್ಣೊಳಗೆ ಅದು ಛತ್ರದ ಕೆಲಸವನ್ನೂ ಮಾಡುತ್ತದೆ. ಒಂದು ಬೆಳೆ ಮುಗಿದು ಇನ್ನೊಂದು ಬರುವವರೆಗೆ ಕೀಟಕ್ಕೆ, ರೋಗಕ್ಕೆ ಅಲ್ಲೇ ವಸತಿ. ಇದನ್ನು ಪತ್ತೆ ಮಾಡುವುದು ಹೇಗೆ, ತಡೆಯುವುದು ಹೇಗೆ ಅಂತ ನಾನು ಮಾಡುವ ಕ್ರಮದಲ್ಲೇ ಬರೆದಿದ್ದೇನೆ. ಮುಖ್ಯವಾಗಿ ಬೇರುಗಂಟು ಜಂತುಹುಳುವಿನ ಬಗ್ಗೆ. ಬೇರೆ ಕೆಲವು ಕೊನೆಗೆ ಬರುತ್ತವೆ.

ಮೊದಲು ಹುಳುವಿನ ದಿನಚರಿ ತಿಳಿದುಕೊಳ್ಳಿ

ಪುಸ್ತಕದಲ್ಲಿ ದುಂಡುಜಂತು, ಮಾತಿನಲ್ಲಿ ನೆಮಟೋಡ್. ಬೇರಲ್ಲಿ ಗಂಟು ಮಾಡುವ ಗುಂಪಿನ ಹೆಸರು ಮೆಲಾಯ್ಡೊಗೈನ್. 1855ರಲ್ಲಿ ಇಂಗ್ಲೆಂಡಿನ ಗಾಜಿನ ಮನೆಯೊಂದರ ಸೌತೆ ಬೇರಲ್ಲಿ ಮೈಲ್ಸ್ ಜೋಸೆಫ್ ಬರ್ಕ್ಲಿ ಈ ಗಂಟುಗಳನ್ನು ಮೊದಲು ವರದಿ ಮಾಡಿದರು. ಈ ಗುಂಪು 2,000ಕ್ಕೂ ಹೆಚ್ಚು ಜಾತಿಯ ಗಿಡಗಳಲ್ಲಿ ಬದುಕಬಲ್ಲದು. ಅಂದಮೇಲೆ ಅದಕ್ಕೆ ನಿಮ್ಮ ಟೊಮೆಟೊನೇ ಬೇಕು ಅಂತೇನಿಲ್ಲ ಅಲ್ವಾ?

ಮೊಟ್ಟೆಯಿಂದ ಹೊರಬರುವ ಮರಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು, ಬರಿಗಣ್ಣಿಗೆ ಕಾಣುವುದಿಲ್ಲ. ಮಣ್ಣಿನ ಕಣಗಳ ನಡುವಿನ ನೀರಿನ ಪೊರೆಯಲ್ಲಿ ತೆವಳುತ್ತಾ ಬೇರಿನ ತುದಿ ಹುಡುಕುತ್ತದೆ, ಒಳಗೆ ನುಗ್ಗುತ್ತದೆ. ಒಂದು ಜಾಗ ಹಿಡಿದು ಸುತ್ತಲಿನ ಕೆಲವು ಜೀವಕೋಶಗಳನ್ನು ದೈತ್ಯಾಕಾರಕ್ಕೆ ಬೆಳೆಸಿ, ಅವುಗಳಿಂದ ರಸ ಹೀರುತ್ತಾ ಕೂರುತ್ತದೆ. ಆಮೇಲೆ ಹೆಣ್ಣು ಅಲ್ಲಿಂದ ಅಲುಗಾಡುವುದಿಲ್ಲ. ಪೇರಲೆ ಆಕಾರಕ್ಕೆ ಊದಿಕೊಂಡು, ಲೋಳೆಯಂಥ ಚೀಲದಲ್ಲಿ ನೂರಾರು ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ.

ಈ 'ಅಲುಗಾಡುವುದಿಲ್ಲ' ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ಉಪಾಯಗಳೆಲ್ಲ ಇದರ ಮೇಲೇ ನಿಂತಿವೆ. ಮಣ್ಣಿನ ಬಿಸಿ 25ರಿಂದ 28 ಡಿಗ್ರಿ ಇದ್ದರೆ, ಮರಿ ಬೇರಿಗೆ ನುಗ್ಗಿದ ಮೇಲೆ ಮೊಟ್ಟೆ ಇಡಲು ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ. ಮಣ್ಣು 20 ಡಿಗ್ರಿ ಇದ್ದರೆ ಆರು ವಾರ ಅಥವಾ ಇನ್ನೂ ಜಾಸ್ತಿ. ಅಷ್ಟರೊಳಗೆ ಕಳೆಯ ಬೇರು ಸತ್ತರೆ ಒಳಗಿನ ಹುಳುವಿನ ಕಥೆಯೂ ಮುಗಿಯಿತು. ಬೇರೆ ಬೇರಿಗೆ ಎದ್ದು ಹೋಗುವಂತಿಲ್ಲ. ಒಂದು ವಾರ ತಡವಾದರೆ ಅದೇ ಕಳೆ ನೂರಾರು ಮೊಟ್ಟೆಗಳನ್ನು ಮಣ್ಣಿಗೆ ಬಿಟ್ಟಿರುತ್ತದೆ.

ಹಂತ 1: ಕಳೆಯನ್ನು ಕೀಳಬೇಡಿ, ಅಗೆಯಿರಿ

ಪತ್ತೆ ಕೆಲಸಕ್ಕೆ ಮಾತ್ರ ಈ ಮಾತು. ಕೈಯಿಂದ ಎಳೆದರೆ ದಪ್ಪ ಬೇರು ಬರುತ್ತದೆ, ಗಂಟು ಇರುವ ಎಳೆಬೇರೆಲ್ಲ ಮಣ್ಣಲ್ಲೇ ಕಿತ್ತು ಉಳಿಯುತ್ತದೆ. ಗಿಡದಿಂದ ಒಂದು ಗೇಣು ದೂರದಲ್ಲಿ ಗುದ್ದಲಿ ಇಳಿಸಿ ಮಣ್ಣಿನ ಹೆಂಟೆ ಸಮೇತ ಎತ್ತಿ. ಬಕೆಟ್ ನೀರಲ್ಲಿ ಹತ್ತು ನಿಮಿಷ ಮುಳುಗಿಸಿ ಇಡಿ. ಆಮೇಲೆ ನಿಧಾನಕ್ಕೆ ಅಲುಗಾಡಿಸಿದರೆ ಮಣ್ಣು ತಾನೇ ಬಿಡುತ್ತದೆ. ನಲ್ಲಿ ಕೆಳಗೆ ಹಿಡಿದು ಉಜ್ಜುವ ಆತುರ ಬೇಡ.

ತೊಳೆದ ಬೇರನ್ನು ಬಿಳಿ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ಹರಡಿ. ಗಂಟು ಇದ್ದರೆ ಬೇರೇ ಅಲ್ಲಲ್ಲಿ ಊದಿದಂತೆ ಕಾಣುತ್ತದೆ. ಉಗುರಿಂದ ಕೆರೆದರೆ ಬಿದ್ದುಹೋಗುವುದಿಲ್ಲ. ದ್ವಿದಳ ಜಾತಿಯ ಕಳೆಯಾದರೆ ಇಲ್ಲಿ ಒಂದು ಮೋಸ ಇದೆ. ಸಾರಜನಕ ಹಿಡಿಯುವ ರೈಜೋಬಿಯಂ ಗಂಟುಗಳೂ ಅಲ್ಲಿ ಇರುತ್ತವೆ. ಅವು ಬೇರಿನ ಪಕ್ಕಕ್ಕೆ ಅಂಟಿಸಿದ ಹಾಗಿರುತ್ತವೆ, ಬೆರಳು ತಾಗಿಸಿದರೆ ಉದುರುತ್ತವೆ, ಸೀಳಿದರೆ ಒಳಗೆ ಗುಲಾಬಿ ಬಣ್ಣ. ಅವು ಒಳ್ಳೆಯವು. ಅವನ್ನು ನೋಡಿ ಹೊಲಕ್ಕೆ ಔಷಧಿ ಹೊಡೆದವರನ್ನು ನಾನು ಕಂಡಿದ್ದೇನೆ.

ಹತ್ತು ಪಟ್ಟು ದೊಡ್ಡದು ಮಾಡುವ ಸಣ್ಣ ಭೂತಗನ್ನಡಿ ಇದ್ದರೆ ಗಂಟಿನ ಮೇಲೆ ಜೇನಿನ ಬಣ್ಣದ, ಸಾಸಿವೆಗಿಂತ ಚಿಕ್ಕ ಲೋಳೆ ಹನಿಗಳು ಕಾಣುತ್ತವೆ. ಅದೇ ಮೊಟ್ಟೆ ಚೀಲ. ಪ್ರಯೋಗಾಲಯದಲ್ಲಿ ಇದಕ್ಕೆ ಫ್ಲಾಕ್ಸಿನ್ ಬಿ ಅನ್ನುವ ಬಣ್ಣ ಹಾಕಿ ಕೆಂಪಾಗಿಸಿ ಎಣಿಸುತ್ತಾರೆ. ನಮಗೆ ಅಷ್ಟು ಬೇಡ. ಹನಿ ಕಂಡರೆ ಕಳೆ ತೆಗೆಯುವುದು ತಡವಾಗಿದೆ ಅಂತ ಅರ್ಥ.

ಯಾವ ಕಳೆಗಳನ್ನು ಮೊದಲು ಅಗೆಯಬೇಕು? ಗಣಿಕೆ ಸೊಪ್ಪು ಪಟ್ಟಿಯ ತಲೆಯಲ್ಲಿ ಬರುತ್ತದೆ, ಟೊಮೆಟೊ ಬದನೆಗಳ ಹತ್ತಿರದ ನಂಟ ಅದು. ಮುಳ್ಳು ಹರಿವೆ ಮತ್ತು ಅದರ ಜಾತಿಯವು, ಗೋಣಿ ಸೊಪ್ಪು, ಚಕ್ಕೋತ ಸೊಪ್ಪು, ಗರಗ ಇವನ್ನೂ ನೋಡಿ. ಆಮೇಲೆ ಜೇಕು, ಅಂದರೆ ಕೊನ್ನಾರಿ ಗಡ್ಡೆ. ಅದರ ಕಥೆ ಬೇರೆಯೇ ಇದೆ, ಮುಂದೆ ಹೇಳುತ್ತೇನೆ. ಹುಳುವಿನಲ್ಲೂ ಜಾತಿ ಹಲವು. ತಂಪು ಪ್ರದೇಶದ ಮೆಲಾಯ್ಡೊಗೈನ್ ಹಾಪ್ಲಾ ಸಾಮಾನ್ಯವಾಗಿ ಹುಲ್ಲು ಜಾತಿಗೆ ಬರುವುದಿಲ್ಲ. ಭತ್ತಕ್ಕೆ ಬರುವ ಗ್ರಾಮಿನಿಕೋಲ ಗದ್ದೆಯ ಹುಲ್ಲುಗಳಲ್ಲೇ ಬೆಳೆಯುತ್ತದೆ. ಅದು ಬೇರಿನ ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸುತ್ತದೆ. ಹಾಗಾಗಿ ಯಾರೋ ಕೊಟ್ಟ ಪಟ್ಟಿಗಿಂತ ನಿಮ್ಮ ಮಣ್ಣಲ್ಲಿ ಅಗೆದು ನೋಡಿದ್ದೇ ಪ್ರಮಾಣ.

ಹಂತ 2: ಗಂಟು ಕಾಣದಿದ್ದರೂ ನಂಬಬೇಡಿ, ಸೌತೆಯನ್ನು ಕೇಳಿ

ಹಲವು ಕಳೆಗಳಲ್ಲಿ ಹುಳು ಸಂತಾನ ಬೆಳೆಸುತ್ತದೆ, ಗಂಟು ಮಾತ್ರ ಕಾಣುವುದಿಲ್ಲ, ಅಥವಾ ತೀರಾ ಸಣ್ಣದಾಗಿರುತ್ತದೆ. ಜೇಕು ಇದಕ್ಕೆ ಒಳ್ಳೆಯ ಉದಾಹರಣೆ. ಬೇರು ನೋಡಿ 'ಶುದ್ಧವಾಗಿದೆ' ಅಂತ ಬಿಟ್ಟರೆ ಕೆಟ್ಟಿರಿ. ಇದಕ್ಕೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ನನಗೆ ಈ ಇಡೀ ಕೆಲಸದಲ್ಲಿ ಇಷ್ಟವಾದ ಭಾಗವೇ ಇದು.

ಮೂರು ಕುಂಡ ತೆಗೆದುಕೊಳ್ಳಿ, ಒಂದೊಂದರಲ್ಲೂ ಅರ್ಧ ಲೀಟರಿನಷ್ಟು ಮಣ್ಣು ಹಿಡಿದರೆ ಸಾಕು. ಮೊದಲನೆಯದಕ್ಕೆ ಒಳ್ಳೆಯ ಮಣ್ಣನ್ನು ಒದ್ದೆ ಮಾಡಿ, ಪಾತ್ರೆಯಲ್ಲಿ ಮುಚ್ಚಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ, ಆರಿಸಿ ತುಂಬಿ. ಎರಡನೆಯದಕ್ಕೂ ಅದೇ ಬೇಯಿಸಿದ ಮಣ್ಣು, ಆದರೆ ಅನುಮಾನ ಇರುವ ಕಳೆಯ ಬೇರನ್ನು ಒಂದು ಸೆಂಟಿಮೀಟರ್ ತುಂಡು ಮಾಡಿ ಒಂದು ಹಿಡಿ ಕಲಸಿ. ಮೂರನೆಯದಕ್ಕೆ ಅನುಮಾನದ ಮಡಿಯ ಹಸಿ ಮಣ್ಣನ್ನೇ ಹಾಕಿ. ಮೂರರಲ್ಲೂ ಸೌತೆ ಬೀಜ ಬಿತ್ತಿ. ರೋಗ ನಿರೋಧಕ ಅಲ್ಲದ ಟೊಮೆಟೊ ಸಸಿಯೂ ಆಗುತ್ತದೆ. ಸೌತೆ ಬೇಗ ಉತ್ತರ ಹೇಳುತ್ತದೆ, ಗಂಟು ದಪ್ಪಗೆ ಕಾಣುತ್ತದೆ. ಕುಂಡಗಳನ್ನು ಬೆಚ್ಚಗಿನ ಜಾಗದಲ್ಲಿಡಿ. ಒಂದರ ನೀರು ಇನ್ನೊಂದಕ್ಕೆ ಹರಿಯದ ಹಾಗೆ ಬೇರೆ ಬೇರೆ ತಟ್ಟೆ ಇಡಿ. ಇದನ್ನು ಮರೆತು ನಾನೊಮ್ಮೆ ಬೇಯಿಸಿದ ಮಣ್ಣಲ್ಲೂ ಗಂಟು ಕಂಡು ತಲೆ ಕೆಡಿಸಿಕೊಂಡಿದ್ದೆ.

ಐದು ವಾರ ಬಿಟ್ಟು ಕುಂಡ ಬೋರಲು ಹಾಕಿ ಬೇರು ತೊಳೆಯಿರಿ. ಮೊದಲ ಕುಂಡದ ಬೇರು ಬಿಳಿ ದಾರದ ಹಾಗೆ ನಯವಾಗಿರಬೇಕು. ಎರಡನೆಯದರಲ್ಲಿ ಗಂಟು ಇದ್ದರೆ ಆ ಕಳೆ ಹುಳು ಸಾಕುತ್ತಿದೆ, ಅದರ ಬೇರು ಎಷ್ಟೇ ನಯವಾಗಿ ಕಂಡಿದ್ದರೂ ಸರಿ. ಮೂರನೆಯದು ಮಣ್ಣಿನ ಸ್ಥಿತಿ ಹೇಳುತ್ತದೆ. ಕಳೆ ಒಂದಕ್ಕಿಂತ ಜಾಸ್ತಿ ಇದ್ದರೆ ಒಂದೊಂದಕ್ಕೂ ಒಂದೊಂದು ಕುಂಡ ಇಡಿ, ಬೇರು ಬೆರೆಸಬೇಡಿ.

ಲೆಕ್ಕ ಬೇಕಿದ್ದರೆ ಮಣ್ಣು ಪರೀಕ್ಷೆಗೆ ಕಳಿಸಿ. ಬೆಳೆ ಮುಗಿಯುವ ಹೊತ್ತಲ್ಲಿ ಹುಳು ಜಾಸ್ತಿ ಇರುತ್ತದೆ, ಮಾದರಿಗೆ ಅದೇ ಸರಿಯಾದ ಸಮಯ. ಅಂಕುಡೊಂಕಾಗಿ ನಡೆಯುತ್ತಾ ಇಪ್ಪತ್ತು ಕಡೆ, 15ರಿಂದ 25 ಸೆಂಟಿಮೀಟರ್ ಆಳದಿಂದ ತೆಗೆದು ಬೆರೆಸಿ. ಅದರಲ್ಲಿ ಅರ್ಧ ಕಿಲೋ ಸಾಕು. ಬೆಳೆಯ ಸಾಲಲ್ಲಿ ಮಾತ್ರ ತೆಗೆಯಬೇಡಿ, ಕಳೆಯ ಬುಡದ ಮಣ್ಣೂ ಸೇರಲಿ. ಮಣ್ಣು ಒಣಗಿಸಬೇಡಿ, ಬಿಸಿಲಿಗೆ ಇಡಬೇಡಿ. ಹುಳು ಬದುಕಿದ್ದರೆ ತಾನೇ ಎಣಿಸಲು ಆಗುವುದು!

ಹಂತ 3: ಹದಿನಾಲ್ಕು ದಿನದ ಗಡುವು

ಇದೇ ಇಡೀ ಬರಹದ ತಿರುಳು. ಮಡಿಯಲ್ಲಿ ಬೆಳೆ ಇರಲಿ ಬಿಡಲಿ, ಹುಟ್ಟಿದ ಯಾವ ಕಳೆಯೂ ಹದಿನಾಲ್ಕು ದಿನ ದಾಟಬಾರದು. ಮೊಟ್ಟೆ ಬರಲು ಬಿಸಿ ಕಾಲದಲ್ಲಿ ಮೂರು ವಾರ ಬೇಕು ಅಂದೆನಲ್ಲ, ಎರಡು ವಾರಕ್ಕೆ ತೆಗೆದರೆ ಒಂದು ವಾರ ಕೈಯಲ್ಲಿರುತ್ತದೆ. ತಂಪು ಕಾಲದಲ್ಲಿ ಮೂರು ವಾರಕ್ಕೊಮ್ಮೆ ತೆಗೆದರೂ ನಡೆಯುತ್ತದೆ.

ಕಳೆ ದೊಡ್ಡದಾಗಿ ಬೆಳೆಗೆ ಅಡ್ಡಿಯಾದಾಗ ತೆಗೆಯುವುದು ನಮ್ಮೆಲ್ಲರ ಅಭ್ಯಾಸ. ಹೂ ಬಿಟ್ಟು ಬೀಜ ಕಟ್ಟುವ ಮುಂಚೆ ತೆಗೆದರೆ ಸಾಕು ಅನ್ನುವ ಮಾತೂ ಇದೆ. ಬೀಜದ ಮಟ್ಟಿಗೆ ಅದು ಸರಿ. ಜಂತುಹುಳುವಿನ ಮಟ್ಟಿಗೆ ಹೂ ಬಿಡುವ ಹೊತ್ತಿಗೆ ಆಗಬೇಕಾದ ಅನಾಹುತ ಆಗಿಹೋಗಿರುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಗಿಡದ ಎತ್ತರ ನೋಡಿ ಕೂರಬೇಡಿ.

ಬರೀ ತಲೆ ಕತ್ತರಿಸಿದರೆ ಸಾಲದು. ಯಂತ್ರದಲ್ಲಿ ಹೆರೆದರೂ ದನ ಮೇಯಿಸಿದರೂ ಬೇರು ಬದುಕಿರುತ್ತದೆ, ಹುಳು ಉಣ್ಣುತ್ತಿರುತ್ತದೆ. ಎಳೆ ಕಳೆಯಾದರೆ ಕುರ್ಜಿಗೆಯಲ್ಲಿ ಮೇಲುಮೇಲಕ್ಕೆ ಕೆರೆದು ಬಿಸಿಲಿಗೆ ಬಿಟ್ಟರೆ ಮುಗಿಯಿತು. ಕಳೆನಾಶಕ ಹೊಡೆಯುವವರಿಗೂ ಇದೇ ಗಡುವು. ಬೇರಿನವರೆಗೆ ಇಳಿಯುವ ಔಷಧಿಯೂ ಗಿಡವನ್ನು ಅದೇ ದಿನ ಕೊಲ್ಲುವುದಿಲ್ಲ. ಬೇರು ಸಾಯಲು ಹಿಡಿಯುವ ದಿನಗಳನ್ನೂ ಲೆಕ್ಕಕ್ಕೆ ಸೇರಿಸಿ, ಬೇಗ ಹೊಡೆಯಿರಿ.

ಗಡುವು ತಪ್ಪಿ ಗಿಡ ದೊಡ್ಡದಾಗಿದ್ದರೆ? ಆಗ ಬೇರು ಸಮೇತ ಅಗೆದು ಮಡಿಯಿಂದ ಆಚೆ ಸಾಗಿಸಿ. ಅಲ್ಲೇ ಹೂಳಬೇಡಿ, ಮುಚ್ಚಿಗೆಯಾಗಿ ಹಾಸಬೇಡಿ. ಲೋಳೆ ಚೀಲ ಮೊಟ್ಟೆಗಳನ್ನು ಒಣಗದಂತೆ ಕಾಪಾಡುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ ಬೇರು ಮುರಿದರೆ ಲಟಕ್ಕನ್ನುವವರೆಗೆ ಒಣಗಿಸಿ. ಗೊಬ್ಬರದ ಗುಂಡಿಗೆ ಹಾಕುವುದಾದರೆ ರಾಶಿಯ ಒಳಗಿನ ಬಿಸಿ 55 ಡಿಗ್ರಿ ದಾಟಿ ಕೆಲವು ದಿನ ನಿಲ್ಲಬೇಕು, ಅಂಚಿನದನ್ನು ಮಧ್ಯಕ್ಕೆ ತಿರುವಬೇಕು. ತಣ್ಣಗೆ ಕೊಳೆಯುವ ರಾಶಿಗೆ ಹಾಕಿದರೆ ಹುಳುವನ್ನು ನೀವೇ ಮರಳಿ ಮಡಿಗೆ ಹೊತ್ತು ತಂದ ಹಾಗೆ.

ಹಂತ 4: ನಾಟಿಗೆ ಮುಂಚೆ ಹುಸಿ ಮಡಿ

ಎದುರಾಳಿಯನ್ನೇ ಬಲೆ ಮಾಡಿಕೊಳ್ಳುವ ಉಪಾಯ ಇದು. ಮಡಿ ಹದ ಮಾಡಿ, ನೀರು ಕೊಡಿ, ಏನೂ ಬಿತ್ತಬೇಡಿ. ಕಳೆ ದಟ್ಟವಾಗಿ ಹುಟ್ಟುತ್ತದೆ. ಮಣ್ಣಲ್ಲಿ ಕಾಯುತ್ತಿದ್ದ ಮರಿಗಳು ಆ ಬೇರಿಗೆ ನುಗ್ಗುತ್ತವೆ, ಕೂರುತ್ತವೆ. ಹನ್ನೆರಡರಿಂದ ಹದಿನಾಲ್ಕನೆಯ ದಿನ ಎಲ್ಲವನ್ನೂ ಮೇಲ್ಪದರದಲ್ಲಿ ಕೆರೆದು ಹಾಕಿ. ಎರಡು ಸೆಂಟಿಮೀಟರಿಗಿಂತ ಆಳಕ್ಕೆ ಹೋಗಬೇಡಿ, ಹೋದರೆ ಕೆಳಗಿನ ಹೊಸ ಬೀಜ ಮೇಲೆ ಬರುತ್ತದೆ. ಸಮಯ ಇದ್ದರೆ ಇನ್ನೊಂದು ಸುತ್ತು ಮಾಡಿ. ಕಳೆಯ ಬೀಜವೂ ಕರಗುತ್ತದೆ, ಹುಳುವೂ ಕಮ್ಮಿಯಾಗುತ್ತದೆ.

ಆದರೆ ಒಂದು ಮಾತು. ಹದಿನಾಲ್ಕನೆಯ ದಿನ ಮಡಿಗೆ ಬರಲು ಆಗುವುದಿಲ್ಲ ಅನ್ನುವವರು ಇದಕ್ಕೆ ಕೈ ಹಾಕಬೇಡಿ. ತಡವಾದರೆ ನೀವು ಮಾಡಿದ್ದು ಹುಳು ಸಾಕಣೆ.

ಜೇಕು ತುಂಬಿದ ಮಡಿಗೂ ಇದು ಸಾಲದು.

ಹಂತ 5: ಜೇಕಿಗೆ ಬೇರೆಯೇ ಲೆಕ್ಕ

ಜೇಕಿನ ಗಡ್ಡೆ ಜಂತುಹುಳುವಿಗೆ ಕೋಟೆ ಇದ್ದ ಹಾಗೆ. ಅಮೆರಿಕದ ನ್ಯೂ ಮೆಕ್ಸಿಕೋದ ಮೆಣಸಿನಕಾಯಿ ಹೊಲಗಳಲ್ಲಿ ಸಂಶೋಧಕರು ಇದನ್ನೇ ಕಂಡರು. ಮಣ್ಣಿಗೆ ವಿಷದ ಹೊಗೆ ಹಾಯಿಸಿದರೂ ಗಡ್ಡೆಯೊಳಗೆ ಕೂತ ಹುಳು ಬದುಕಿ ಉಳಿಯುತ್ತಿತ್ತು. ಗಡ್ಡೆ ಚಿಗುರಿದ ಮೇಲೆ ಹುಳುವಿನ ಸಂಸಾರವೂ ಚಿಗುರುತ್ತದೆ.

ಗಡ್ಡೆಗಳು ಒಂದಕ್ಕೊಂದು ದಾರದಲ್ಲಿ ಪೋಣಿಸಿದಂತೆ ಇರುತ್ತವೆ. ಮೇಲಿನದನ್ನು ಕಿತ್ತ ತಕ್ಷಣ ಕೆಳಗೆ ನಿದ್ದೆಯಲ್ಲಿದ್ದದ್ದು ಏಳುತ್ತದೆ. ಹಾಗಾಗಿ ಒಂದು ಸಲ ಕಿತ್ತು ಗೆದ್ದೆ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಬೇಸಿಗೆಯಲ್ಲಿ ಆಳಕ್ಕೆ ಅಗೆದು ಗಡ್ಡೆಗಳನ್ನು ಮೇಲಕ್ಕೆ ತಂದು ಸುಡು ಬಿಸಿಲಿಗೆ ಒಣಗಿಸಿ, ಆದಷ್ಟನ್ನು ಆರಿಸಿ ಆಚೆ ಹಾಕಿ. ಆಮೇಲೆ ಚಿಗುರು ಬಂದಾಗಲೆಲ್ಲ, ಹೊಸ ಗಡ್ಡೆ ಕಟ್ಟುವ ಮುಂಚೆ, ಎರಡು ವಾರಕ್ಕೊಮ್ಮೆ ತೆಗೆಯುತ್ತಾ ಹೋಗಿ. ಗಡ್ಡೆಯೊಳಗಿನ ಬಂಡವಾಳ ಕರಗಬೇಕು. ಜೇಕು ನೆರಳಿಗೆ ಸೋಲುತ್ತದೆ, ದಟ್ಟವಾಗಿ ಬೆಳೆದು ಬೇಗ ನೆಲ ಮುಚ್ಚುವ ಬೆಳೆ ನಡುವೆ ಬರಲಿ. ತೆಳು ಪ್ಲಾಸ್ಟಿಕ್ ಹೊದಿಕೆಯನ್ನು ಅದು ಸೂಜಿಯಂತೆ ಚುಚ್ಚಿಕೊಂಡು ಮೇಲೆ ಬರುತ್ತದೆ.

ಉಳುವ ಯಂತ್ರದ ಹಲ್ಲಿಗೆ ಸಿಕ್ಕಿದ ಗಡ್ಡೆಗಳು ಇಡೀ ಹೊಲಕ್ಕೆ ಹರಡುತ್ತವೆ. ಜೇಕಿರುವ ಮೂಲೆಯನ್ನು ಕೊನೆಗೆ ಉಳುಮೆ ಮಾಡಿ, ಆಮೇಲೆ ಯಂತ್ರದ ಹಲ್ಲು ತೊಳೆಯಿರಿ.

ಹಂತ 6: ಬಿಸಿಲು ಮತ್ತು ಹೊದಿಕೆ

ಬಿಸಿಲು ಜೋರಾಗಿರುವ ಕಾಲದಲ್ಲಿ ಒದ್ದೆ ಮಣ್ಣಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಬಿಗಿದು ನಾಲ್ಕರಿಂದ ಆರು ವಾರ ಬಿಡುವ ಪದ್ಧತಿ ಇದೆ. 1976ರಲ್ಲಿ ಇಸ್ರೇಲಿನ ಜಾಕೊವ್ ಕಟಾನ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದ ಮೇಲೆ ಪ್ರಚಾರಕ್ಕೆ ಬಂತು. ಹಾಳೆ ತೆಳ್ಳಗಿರಲಿ, 25ರಿಂದ 50 ಮೈಕ್ರಾನ್. ಕಪ್ಪು ಹಾಳೆ ಮಣ್ಣಿಗೆ ಅಷ್ಟು ಬಿಸಿ ಕೊಡುವುದಿಲ್ಲ. ಅಂಚುಗಳನ್ನು ಮಣ್ಣಲ್ಲಿ ಹೂತು ಗಾಳಿ ಆಡದಂತೆ ಮಾಡಿ. ಸಣ್ಣ ಬೀಜದ ಕಳೆಗಳು ಚೆನ್ನಾಗಿ ಸಾಯುತ್ತವೆ. ಜೇಕಿನ ಗಡ್ಡೆ ಇದಕ್ಕೆ ಬಗ್ಗುವುದಿಲ್ಲ, ಗೋಣಿ ಸೊಪ್ಪೂ ಸ್ವಲ್ಪ ಹಠಮಾರಿಯೇ. ಹುಳು ಮೇಲಿನ ಪದರದಲ್ಲಿ ಸಾಯುತ್ತದೆ, ಆಳದಲ್ಲಿರುವುದು ಉಳಿದು ಮತ್ತೆ ಮೇಲೆ ಬರುತ್ತದೆ. ಹಾಗಾಗಿ ಹಾಳೆ ತೆಗೆದ ಮೇಲೆ ಆಳಕ್ಕೆ ಉಳಬೇಡಿ. ಸಸಿಮಡಿಗೆ ಇದು ಬಲು ಒಳ್ಳೆಯದು, ದೊಡ್ಡ ಹೊಲಕ್ಕೆ ದುಬಾರಿ.

ಹಂತ 7: ಬೆಳೆ ಬದಲಿಸುವಾಗ ಕಳೆ ಮರೆಯಬೇಡಿ

ಚೆಂಡುಹೂ ಹಾಕಿದರೂ ಹುಳು ಹೋಗಲಿಲ್ಲ ಅನ್ನುವ ದೂರು ಆಗಾಗ ಕೇಳುತ್ತೇನೆ. ಹೋಗಿ ನೋಡಿದರೆ ಸಾಲುಗಳ ನಡುವೆ ಮೊಣಕಾಲೆತ್ತರ ಹರಿವೆ ಇರುತ್ತದೆ. ಚೆಂಡುಹೂವಿನ ಬೇರಿನ ರಸಾಯನ ಹುಳುವಿಗೆ ಮಾರಕ, ನಿಜ. ಆದರೆ ಅದು ಆ ಬೇರಿನ ಹತ್ತಿರ ಮಾತ್ರ. ಪಕ್ಕದಲ್ಲೇ ಹರಿವೆಯ ಬೇರು ಎಲೆ ಹಾಕಿ ಕೂರಿಸಿದರೆ ಹುಳು ಇತ್ತ ಯಾಕೆ ಬರುತ್ತದೆ? ಚೆಂಡುಹೂವನ್ನು ಇಡೀ ಮಡಿಗೆ ಒತ್ತೊತ್ತಾಗಿ ಹಾಕಿ, ಎರಡರಿಂದ ಮೂರು ತಿಂಗಳು ಬೆಳೆಸಿ, ಕಳೆ ತೆಗೆಯುತ್ತಿರಿ. ಅಂಚಿಗೆ ನಾಲ್ಕು ಗಿಡ ನೆಟ್ಟರೆ ನೋಡಲು ಚೆಂದ, ಅಷ್ಟೇ. ಎಲ್ಲ ತಳಿಯೂ ಎಲ್ಲ ಜಾತಿಯ ಹುಳುವಿಗೆ ಕೆಲಸ ಮಾಡುವುದಿಲ್ಲ, ಅದನ್ನೂ ಕುಂಡದಲ್ಲಿ ನೋಡಿಕೊಳ್ಳಿ. ಹಸಿರೆಲೆ ಗೊಬ್ಬರಕ್ಕೆ ಹಾಕುವ ಸೆಣಬು (ಚೀಲ ನೇಯುವ ಜೂಟ್ ಅಲ್ಲ) ಇನ್ನೊಂದು ಒಳ್ಳೆಯ ಆಯ್ಕೆ. ಬೇರುಗಂಟು ಹುಳುವಿಗೆ ಅದು ಹಿಡಿಸದ ಊಟ, ಬೇಗ ಎತ್ತರಕ್ಕೆ ಬೆಳೆದು ಕಳೆಯನ್ನು ನೆರಳಲ್ಲಿ ಅಮುಕುತ್ತದೆ.

ರೋಗ ನಿರೋಧಕ ಟೊಮೆಟೊ ತಳಿಗೂ ಇದೇ ಮಾತು. ಅವುಗಳಲ್ಲಿರುವ ಎಂಐ ಅನ್ನುವ ಜೀನ್ ಮಣ್ಣಿನ ಬಿಸಿ 28 ಡಿಗ್ರಿ ದಾಟಿದರೆ ಸೋಲತೊಡಗುತ್ತದೆ, ಹಾಪ್ಲಾ ಜಾತಿಗೆ ತಡೆಯೇ ಅಲ್ಲ. ಟೊಮೆಟೊ ಚೆನ್ನಾಗಿದೆ ಅಂತ ಕಳೆ ಬಿಟ್ಟರೆ ಹುಳು ಕಳೆಯಲ್ಲಿ ಬೆಳೆದು ಮುಂದಿನ ಬೆಳೆಗೆ ಕಾಯುತ್ತದೆ.

ಬೇರೆ ಅತಿಥಿಗಳು

ಬೇರುಗಂಟು ಒಂದೇ ಅಲ್ಲ. ಸೋಯಾಬೀನಿನ ಕೋಶ ಜಂತುಹುಳುವಿಗೆ ಚಳಿಗಾಲದ ಕಳೆಗಳಾದ ಪರ್ಪಲ್ ಡೆಡ್‌ನೆಟಲ್, ಹೆನ್‌ಬಿಟ್ ಆಸರೆ. ಸತ್ತ ಹೆಣ್ಣಿನ ಮೈಯೇ ಗಟ್ಟಿ ಕೋಶವಾಗಿ, ಒಳಗಿನ ಮೊಟ್ಟೆ ವರ್ಷಗಟ್ಟಲೆ ಉಳಿಯುತ್ತದೆ. ಕೋಸು ಜಾತಿಯ ಬೇರು ಊದಿಸುವ ಕ್ಲಬ್‌ರೂಟ್ ರೋಗ ಹುಳುವಿನದ್ದಲ್ಲ, ಆದರೆ ಸಾಸಿವೆ ಕುಟುಂಬದ ಕಳೆಗಳಲ್ಲಿ ಹೀಗೇ ಮುಂದುವರಿಯುತ್ತದೆ. ಹೂಕೋಸು ಬಿಟ್ಟು ಬೇರೆ ಬೆಳೆ ಹಾಕಿ, ಕಾಡು ಸಾಸಿವೆಯನ್ನು ಬದುವಿನಲ್ಲಿ ಬಿಟ್ಟರೆ ಬೆಳೆ ಬದಲಿಸಿದ್ದಕ್ಕೆ ಅರ್ಥ ಇರುವುದಿಲ್ಲ.

ಇನ್ನೊಂದು, ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಗಣಿಕೆ ಕುಟುಂಬದ ಕಳೆಗಳು ಅದನ್ನು ಬಾಡದೇ ಹೊತ್ತಿರಬಲ್ಲವು. ಯುರೋಪಿನಲ್ಲಿ ನದಿ ದಂಡೆಯ ಇಂಥದೇ ಕಳೆಯಿಂದ ನೀರಿಗೆ ಸೇರಿ, ನೀರಾವರಿಯ ಮೂಲಕ ಆಲೂಗಡ್ಡೆಗೆ ಬಂದದ್ದುಂಟು. ಬಾಡಿದ ಗಿಡದ ಬೇರಲ್ಲಿ ಗಂಟು ಇಲ್ಲ ಅಂದರೆ ಕಾಂಡದ ತುಂಡೊಂದನ್ನು ಗಾಜಿನ ಲೋಟದ ನೀರಲ್ಲಿ ತೂಗುಹಾಕಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಅದು ಸೊರಗು ರೋಗ. ಆಗ ಹದಿನಾಲ್ಕು ದಿನದ ಲೆಕ್ಕ ಅನ್ವಯಿಸುವುದಿಲ್ಲ. ಆ ಕುಟುಂಬದ ಕಳೆ ಕಂಡ ದಿನವೇ ತೆಗೆಯಬೇಕು.

ಅಂಚು, ಹತ್ಯಾರು, ಚಪ್ಪಲಿ

ಹುಳು ತಾನಾಗಿ ವರ್ಷಕ್ಕೆ ಹೆಚ್ಚು ದೂರ ಹೋಗುವುದಿಲ್ಲ. ಅದನ್ನು ಸಾಗಿಸುವವರು ನಾವು. ಬೇರುಗಂಟು ಹುಳು ಕಳೆಯ ಬೀಜದ ಒಳಗೆ ಬರುವುದಿಲ್ಲ. ಬೇರಿಗೆ, ಗುದ್ದಲಿಗೆ, ಚಕ್ರಕ್ಕೆ ಅಂಟಿದ ಮಣ್ಣಲ್ಲಿ, ಹರಿಯುವ ನೀರಲ್ಲಿ, ಕೊಂಡು ತಂದ ಸಸಿಯಲ್ಲಿ ಬರುತ್ತದೆ. ಹಾಗಾಗಿ ಕೆಲಸ ಶುರು ಮಾಡುವುದು ಚೆನ್ನಾಗಿರುವ ಮಡಿಯಿಂದ, ಮುಗಿಸುವುದು ಕೆಟ್ಟದ್ದರಲ್ಲಿ. ಸಸಿಯ ಜೊತೆ ಅದೇ ಬಟ್ಟಲಲ್ಲಿ ಕಳೆ ಹುಟ್ಟಿದ್ದರೆ ಮೊದಲು ಅದನ್ನು ಕಿತ್ತು ಬೇರು ನೋಡಿ.

ಬದು ಮತ್ತು ಕಾಲುವೆ ಅಂಚನ್ನು ಹೊಲದಷ್ಟೇ ಗಮನದಿಂದ ನೋಡಿ, ಅಲ್ಲಿಂದ ನೀರು ಒಳಗೆ ಹರಿಯುತ್ತಿದ್ದರಂತೂ ಇನ್ನೂ ಜಾಸ್ತಿ. ಪೂರ್ತಿ ಬೋಳು ಮಾಡಿ ಅಂತ ಹೇಳುತ್ತಿಲ್ಲ, ಮಣ್ಣು ಕೊಚ್ಚಿ ಹೋಗುತ್ತದೆ. ನಾನು ಬದುವಿನಲ್ಲಿ ಕುಂಡದ ಪರೀಕ್ಷೆ ಪಾಸಾದ ಹುಲ್ಲನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಗಣಿಕೆ ಕಂಡರೆ ಅಗೆಯುತ್ತೇನೆ, ಬಕೆಟ್ಟಿನಲ್ಲಿ ತೊಳೆಯುತ್ತೇನೆ, ಬೇರು ನೋಡಿ ಡೈರಿಯಲ್ಲಿ ಬರೆಯುತ್ತೇನೆ. ಬಕೆಟ್ಟಿನ ಆ ಕೆಸರು ನೀರನ್ನು ಎಲ್ಲಿ ಚೆಲ್ಲುತ್ತೀರಿ ಅಂತಲೂ ಯೋಚಿಸಿ. ಮಡಿಗಂತೂ ಬೇಡ. ಕಲ್ಲು ಹಾಸಿನ ಮೇಲೆ ಬಿಸಿಲು ಬೀಳುವ ಜಾಗದಲ್ಲಿ ಚೆಲ್ಲಿ, ಒಣಗಲಿ.